ನೇತ್ರಾವತಿ ಸೇತುವೆಯ ಮೇಲೊಂದು ಕಿಡಿ

ಮಂಗಳೂರಿನ ಜೆಪ್ಪುವಿನಲ್ಲಿರುವ ನನ್ನ ಅಕ್ಕನ ಮನೆಯಲ್ಲಿ ಗಡಿಯಾರ ನೋಡುವ ಅಭ್ಯಾಸ ಯಾರಿಗೂ ಇಲ್ಲ. ನೇತ್ರಾವತಿ ಸೇತುವೆ ದಾಟಿ ಸೆಂಟ್ರಲ್ ನಿಲ್ದಾಣದತ್ತ ತಿರುಗುವ ರೈಲಿನ ಸದ್ದೇ ಅವರಿಗೆ ಗಡಿಯಾರ. ಬೆಳಗಿನ ರೈಲು ತಡವಾದರೆ ಆ ದಿನ ಮನೆಯ ಕಾಫಿಯೂ ತಡ. ಇಂಥ ಮನೆಯಲ್ಲಿ ಹುಟ್ಟಿದ ಹುಡುಗನಿಗೆ ರೈಲಿನ ಹುಚ್ಚು ಹಿಡಿಯದಿದ್ದರೆ ಆಶ್ಚರ್ಯ. ನನ್ನ ಸೋದರಳಿಯ ಈಗ ಒಂಬತ್ತನೇ ತರಗತಿ. ಕದ್ರಿ ಉದ್ಯಾನದ ಪುಟಾಣಿ ರೈಲಿನಲ್ಲಿ ಕುಳಿತು ಬಂದ ದಿನದಿಂದ ಆರಂಭವಾದ ಅವನ ಹುಚ್ಚು ಇನ್ನೂ ಇಳಿದಿಲ್ಲ.

ಭಾವ ಹಡಗಿನಲ್ಲಿ ಎಂಜಿನಿಯರ್. ಕರಾವಳಿಯಲ್ಲಿ ಇದೇನೂ ಅಪರೂಪದ ಉದ್ಯೋಗವಲ್ಲ. ಒಮ್ಮೆ ಹ್ಯಾಂಬರ್ಗ್ ಬಂದರಿನಲ್ಲಿ ಹಡಗು ನಿಂತಿದ್ದಾಗ ಹಳೆಯ ಸಾಮಾನಿನ ಸಂತೆಯಲ್ಲಿ ಅವರಿಗೆ ಒಂದು ಆಟಿಕೆ ರೈಲಿನ ಸೆಟ್ಟು ಸಿಕ್ಕಿತು. ಆಟಿಕೆ ಎಂದರೆ ಕೀಲಿ ಕೊಟ್ಟು ಬಿಡುವ ತಗಡಿನ ಗಾಡಿಯಲ್ಲ. ಕಬ್ಬಿಣದ ಹಳಿ, ಅಂಗೈ ಮೇಲೆ ಕೂರುವ ಎಂಜಿನ್, ನಾಲ್ಕು ಬೋಗಿ, ಹಳಿಗೆ ವಿದ್ಯುತ್ ಕೊಡಲು ಒಂದು ಟ್ರಾನ್ಸ್‌ಫಾರ್ಮರ್. ಮರುವರ್ಷ ಅದೇ ಬಂದರಿಗೆ ಹೋದಾಗ ಇನ್ನೊಂದು ಎಂಜಿನ್ನೂ ಇನ್ನೊಂದು ಟ್ರಾನ್ಸ್‌ಫಾರ್ಮರೂ ಬಂದವು. ನಮ್ಮ ಕಥೆ ಇರುವುದು ಈ ಎರಡನೆಯದರಲ್ಲಿ.

ಅಳಿಯ ಹಳೆಯ ಬಾಗಿಲಿನ ಹಲಗೆಯೊಂದನ್ನು ಎರಡು ಬೆಂಚುಗಳ ಮೇಲಿಟ್ಟು ಅದರ ಮೇಲೊಂದು ಮಂಗಳೂರು ಕಟ್ಟಿದ್ದ. ಒಂದು ತುದಿಯಲ್ಲಿ ರಟ್ಟಿನ ಸೆಂಟ್ರಲ್ ನಿಲ್ದಾಣ, ಮೇಲೆ ಕೆಂಪು ಬಣ್ಣ ಬಳಿದ ಹೆಂಚಿನ ಮಾಡು. ಇನ್ನೊಂದು ತುದಿಯಲ್ಲಿ ಉಳ್ಳಾಲ. ನಡುವೆ ನೀಲಿ ಕಾಗದದ ನೇತ್ರಾವತಿ, ಅದರ ಮೇಲೆ ಐಸ್‌ಕ್ಯಾಂಡಿ ಕಡ್ಡಿಗಳ ಸೇತುವೆ. ತೆಂಗಿನ ಮರಗಳಿಗೆ ಹಿಡಿಸೂಡಿಯ ಕಡ್ಡಿ. ಸೂಡಿ ಸಪೂರ ಆಗುತ್ತಾ ಬಂದಂತೆ ಉಳ್ಳಾಲದಲ್ಲಿ ತೋಟ ದಟ್ಟವಾಗುತ್ತಿದೆ ಎಂದು ಅಕ್ಕ ಗೊಣಗುತ್ತಿದ್ದಳು.

ಮಂಗಳೂರಿಗೆ ನಿಜವಾದ ರೈಲು ಬಂದದ್ದು 1907ರಲ್ಲಿ, ದಕ್ಷಿಣದಿಂದ, ಇದೇ ನದಿಯನ್ನು ದಾಟಿ. ಮದರಾಸಿಗೆ ರೈಲಿನಲ್ಲಿ ಹೋಗಬಹುದಾಗಿದ್ದ ಊರಿನಿಂದ ಹಾಸನಕ್ಕೆ ರೈಲಿನಲ್ಲಿ ಹೋಗಲು 1979ರವರೆಗೆ ಕಾಯಬೇಕಾಯಿತು. ಆ ಮೀಟರ್ ಗೇಜ್ ಹಳಿಯೂ 1996ರಲ್ಲಿ ಅಗಲೀಕರಣಕ್ಕೆಂದು ಮುಚ್ಚಿತು. ಗೂಡ್ಸ್ ಗಾಡಿ ಮತ್ತೆ ಘಾಟಿ ಏರಿದ್ದು 2006ರಲ್ಲಿ, ಪ್ರಯಾಣಿಕರ ಗಾಡಿ 2007ರ ಡಿಸೆಂಬರಿನಲ್ಲಿ. ಉತ್ತರದ ಕೊಂಕಣ ರೈಲು ಪೂರ್ತಿಯಾಗಿ ತೆರೆದದ್ದು 1998ರ ಜನವರಿ 26ರಂದು. ಹೀಗಾಗಿ ನಮ್ಮ ತಲೆಮಾರಿನವರಿಗೆ ರೈಲು ಎಂದರೆ ಮೊದಲು ನೆನಪಾಗುವುದು ನೇತ್ರಾವತಿಯ ಸೇತುವೆಯೇ. ಹುಡುಗ ತನ್ನ ಹಲಗೆಯ ನಡುವೆ ಅದನ್ನೇ ಇಟ್ಟದ್ದು ಸರಿಯಾಗಿಯೇ ಇತ್ತು.

ಕಳೆದ ಮಳೆಗಾಲದ ಒಂದು ಭಾನುವಾರ ನಾನು ಅಲ್ಲಿಗೆ ಹೋದಾಗ ಅವನ ಮುಖ ಸಪ್ಪಗಿತ್ತು.

"ಎಂತ ಆಯ್ತು ಮಾರಾಯ?" ಎಂದೆ.

"ಮಾವ, ಗಾಡಿ ಸೇತುವೆಗೆ ಬಂದ ಕೂಡಲೇ ಚಟ್ ಅಂತ ಕಿಡಿ ಹಾರ್ತದೆ. ಆಮೇಲೆ ಎರಡೂ ಟ್ರಾನ್ಸ್‌ಫಾರ್ಮರು ಬಂದ್."

ನೋಡಿದೆ. ಒಂದು ಟ್ರಾನ್ಸ್‌ಫಾರ್ಮರಿಗೆ ಎರಡು ಎಂಜಿನ್, ನಿಲ್ದಾಣದ ದೀಪ ಎಲ್ಲವನ್ನೂ ಎಳೆಯಲು ಶಕ್ತಿ ಸಾಲದು ಎಂದು ಅವನು ಹಳಿಯನ್ನು ಎರಡು ಪಾಲು ಮಾಡಿದ್ದ. ಸೆಂಟ್ರಲ್ ಕಡೆಯದು ಒಂದಕ್ಕೆ, ಉಳ್ಳಾಲದ ಕಡೆಯದು ಇನ್ನೊಂದಕ್ಕೆ. ಗಡಿ ಬಂದದ್ದು ಸರಿಯಾಗಿ ಸೇತುವೆಯ ಮಧ್ಯದಲ್ಲಿ.

ಇಲ್ಲಿ ಸ್ವಲ್ಪ ವಿವರ ಬೇಕು. ಇಂದು ಅಂಗಡಿಗಳಲ್ಲಿ ಕಾಣುವ ಬಹುಪಾಲು ಮಾದರಿ ರೈಲುಗಳು ಎರಡು ಹಳಿಯವು, ನೇರ ವಿದ್ಯುತ್ತಿನವು. ಆದರೆ 1859ರಲ್ಲಿ ಆರಂಭವಾದ ಜರ್ಮನಿಯ ಮಾರ್ಕ್ಲಿನ್, 1900ರ ಅಮೆರಿಕದ ಲಯನೆಲ್ ಮೊದಲಾದ ಹಳೆಯ ಮನೆತನಗಳು ಪರ್ಯಾಯ ವಿದ್ಯುತ್ತನ್ನು, ಅಂದರೆ ಏಸಿಯನ್ನು ನೆಚ್ಚಿದವು. ಎರಡು ಹಳಿಗಳ ನಡುವೆ ಮೂರನೆಯ ವಾಹಕವೊಂದು ಇರುತ್ತದೆ. ಎಂಜಿನ್ನಿನ ಹೊಟ್ಟೆಯ ಕೆಳಗಿನ ಲೋಹದ ಪಟ್ಟಿ ಅದನ್ನು ಸವರಿಕೊಂಡು ಹೋಗುತ್ತದೆ. ಹೊರಗಿನ ಹಳಿಗಳೆರಡೂ ವಾಪಸು ದಾರಿ. ನಮ್ಮ ಹುಡುಗ ನಡುವಿನ ವಾಹಕವನ್ನು ಸೇತುವೆಯಲ್ಲಿ ಕತ್ತರಿಸಿದ್ದ, ಹೊರಗಿನ ಹಳಿಗಳನ್ನು ಹಾಗೆಯೇ ಬಿಟ್ಟಿದ್ದ. ಎಂಜಿನ್ನಿನ ಪಟ್ಟಿ ಸುಮಾರು ಐದು ಸೆಂಟಿಮೀಟರ್ ಉದ್ದ. ಗಡಿ ದಾಟುವಾಗ ಅದು ಒಂದು ಕ್ಷಣ ಎರಡೂ ಕಡೆಯನ್ನು ಮುಟ್ಟುತ್ತದೆ. ಆ ಕ್ಷಣದಲ್ಲಿ ಎರಡು ಟ್ರಾನ್ಸ್‌ಫಾರ್ಮರುಗಳು ಕೈ ಕುಲುಕುತ್ತವೆ. ಅಥವಾ ಕೈ ಕೈ ಮಿಲಾಯಿಸುತ್ತವೆ.

ನಮ್ಮ ಮನೆಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಬಾರಿ ಹಿಂದೆ ಮುಂದೆ ತೂಗುತ್ತದೆ. ಹೊಳೆ ಹರಿದಂತೆ ಒಂದೇ ದಿಕ್ಕಿಗೆ ಹೋಗುವ ವಿದ್ಯುತ್ತಲ್ಲ, ಉಯ್ಯಾಲೆಯಂತೆ ಹೋಗಿ ಬರುವ ವಿದ್ಯುತ್ತು. ಅಕ್ಕಪಕ್ಕದಲ್ಲಿ ಎರಡು ಉಯ್ಯಾಲೆಗಳಿವೆ ಎಂದುಕೊಳ್ಳಿ. ಎರಡರ ನಡುವೆ ಒಂದು ಹಗ್ಗ ಕಟ್ಟಿದೆ. ಎರಡೂ ಒಟ್ಟಿಗೆ ಮುಂದೆ ಹೋಗಿ ಒಟ್ಟಿಗೆ ಹಿಂದೆ ಬಂದರೆ ಹಗ್ಗಕ್ಕೆ ಯಾವ ಎಳೆತವೂ ಇಲ್ಲ. ಒಂದು ಮುಂದೆ ಹೋದಾಗ ಇನ್ನೊಂದು ಹಿಂದೆ ಹೋದರೆ? ಹಗ್ಗ ಹರಿಯುವಷ್ಟು ಬಿಗಿಯಾಗುತ್ತದೆ. 16 ವೋಲ್ಟಿನ ಎರಡು ಟ್ರಾನ್ಸ್‌ಫಾರ್ಮರುಗಳು ಒಂದೇ ಹೆಜ್ಜೆಯಲ್ಲಿದ್ದರೆ ಗಡಿಯ ಎರಡು ಬದಿಗಳ ನಡುವಿನ ವ್ಯತ್ಯಾಸ ಹೆಚ್ಚುಕಡಿಮೆ ಸೊನ್ನೆ. ವಿರುದ್ಧ ಹೆಜ್ಜೆಯಲ್ಲಿದ್ದರೆ 32 ವೋಲ್ಟು. ಅಷ್ಟೂ ಒತ್ತಡ ಆ ಪುಟ್ಟ ಪಟ್ಟಿಯ ಮೂಲಕ ಹರಿಯಲು ನೋಡುತ್ತದೆ. ಕಿಡಿ ಹಾರಿದ್ದು ಅದಕ್ಕೆ. ನಮ್ಮ ಎಲೆಕ್ಟ್ರಿಷಿಯನ್ನರು 'ಫೇಸ್' ಎಂದರೆ ಟೆಸ್ಟರ್ ಉರಿಯುವ ತಂತಿ. ಇಲ್ಲಿ ಹೇಳುತ್ತಿರುವ ಫೇಸ್ ಈ ಹೆಜ್ಜೆಯ ಲೆಕ್ಕ.

ಇಷ್ಟನ್ನು ನಾನು ಅಂದು ಹುಡುಗನಿಗೆ ವಿವರಿಸಿದ್ದರೆ ಸಾಕಿತ್ತು. ವಿವರಿಸುವ ಮೊದಲು ದೊಡ್ಡಸ್ತಿಕೆ ತೋರಿಸಲು ಹೋದೆ. "ಒಂದನ್ನು ತೆಗೆದು ನೋಡುವ" ಎಂದು ಉಳ್ಳಾಲದ ಟ್ರಾನ್ಸ್‌ಫಾರ್ಮರಿನ ಪ್ಲಗ್ಗನ್ನು ಗೋಡೆಯಿಂದ ಕಿತ್ತು ಕೈಯಲ್ಲಿ ಹಿಡಿದುಕೊಂಡೆ. ಎಂಜಿನ್ ಇನ್ನೂ ಸೇತುವೆಯ ಗಡಿಯ ಮೇಲೆಯೇ ನಿಂತಿತ್ತು. ಹುಡುಗ ಸೆಂಟ್ರಲ್ ಕಡೆಯ ಗುಂಡಿ ತಿರುಗಿಸಿದ. ನನ್ನ ಹೆಬ್ಬೆರಳೂ ತೋರುಬೆರಳೂ ಪ್ಲಗ್ಗಿನ ಎರಡು ಪಿನ್ನುಗಳ ಮೇಲಿದ್ದವು.

ಯಾರೋ ಕೈಗೆ ಕೋಲಿನಿಂದ ಹೊಡೆದಂತಾಯಿತು. ಪ್ಲಗ್ಗು ಎಲ್ಲಿಗೋ ಹಾರಿತು, ನಾನು ಹಿಂದಿನ ಕುರ್ಚಿಯ ಮೇಲೆ ಕುಸಿದೆ. ಅಡುಗೆಮನೆಯಿಂದ ಅಕ್ಕ ಓಡಿ ಬಂದಳು. ಗೋಡೆಯಿಂದ ಕಿತ್ತ ಪ್ಲಗ್ಗು ಶಾಕ್ ಹೊಡೆಯುವುದುಂಟೇ ಎಂದು ಅವಳ ಪ್ರಶ್ನೆ. ಉಂಟು.

ಟ್ರಾನ್ಸ್‌ಫಾರ್ಮರಿಗೆ ಮುಂದೆ ಹಿಂದೆ ಎಂಬುದಿಲ್ಲ. ಒಳಗೆ ಒಂದೇ ಕಬ್ಬಿಣಕ್ಕೆ ಸುತ್ತಿದ ಎರಡು ಸುರುಳಿಗಳು ಅಷ್ಟೇ. ಹೆಚ್ಚು ಸುತ್ತಿನ ಕಡೆ 220 ವೋಲ್ಟು ಕೊಟ್ಟರೆ ಕಡಿಮೆ ಸುತ್ತಿನ ಕಡೆ 16 ಬರುತ್ತದೆ. ಕಡಿಮೆ ಸುತ್ತಿನ ಕಡೆ 16 ಕೊಟ್ಟರೆ? ಹೆಚ್ಚು ಸುತ್ತಿನ ಕಡೆ 220ರ ಆಸುಪಾಸು ಬರುತ್ತದೆ. ಸೆಂಟ್ರಲ್ ಟ್ರಾನ್ಸ್‌ಫಾರ್ಮರಿನ ವಿದ್ಯುತ್ತು ಹಳಿಗೆ ಇಳಿದು, ಎಂಜಿನ್ನಿನ ಪಟ್ಟಿಯ ಮೂಲಕ ಗಡಿ ದಾಟಿ, ಉಳ್ಳಾಲದ ಟ್ರಾನ್ಸ್‌ಫಾರ್ಮರನ್ನು ಹಿಂಬಾಗಿಲಿನಿಂದ ಹೊಕ್ಕು, ನನ್ನ ಬೆರಳಿಗೆ ಬಂದಿತ್ತು. ಆಟಿಕೆಯಲ್ಲಿ ಅಷ್ಟು ಶಕ್ತಿ ಎಲ್ಲಿ ಎಂದು ತಾತ್ಸಾರ ಬೇಡ. 30 ವಾಟಿನ ಟ್ರಾನ್ಸ್‌ಫಾರ್ಮರು ಕೂಡ ಆ ಒತ್ತಡದಲ್ಲಿ ನೂರು ಮಿಲಿ ಆಂಪಿಯರಿಗೂ ಹೆಚ್ಚು ಹರಿಸಬಲ್ಲದು. ಎದೆಯ ಮೂಲಕ ಹಾದರೆ ಅದರ ಅರ್ಧವೂ ಪ್ರಾಣಾಂತಿಕ. ನನ್ನ ಪುಣ್ಯ, ಅದು ಎರಡು ಬೆರಳುಗಳ ನಡುವೆಯೇ ಹಾದುಹೋಯಿತು. ಎಡಗೈಯಲ್ಲೊಂದು ಬಲಗೈಯಲ್ಲೊಂದು ಪಿನ್ನು ಇದ್ದಿದ್ದರೆ ಈ ಲೇಖನ ಬರೆಯಲು ಬೇರೆಯವರು ಬೇಕಾಗುತ್ತಿದ್ದರು.

ಮನೆಯಲ್ಲಿ ಇಎಲ್‌ಸಿಬಿ ಇದೆಯಲ್ಲ, ಅದು ಏಕೆ ಕಡಿಯಲಿಲ್ಲ ಎಂದು ಭಾವ ಆಮೇಲೆ ಫೋನಿನಲ್ಲಿ ಕೇಳಿದರು. ಒಳ್ಳೆಯ ಪ್ರಶ್ನೆ. ಆ ಪೆಟ್ಟಿಗೆ ನೋಡುವುದು ಮನೆಯ ತಂತಿಯಿಂದ ಹೊರಟ ವಿದ್ಯುತ್ತು ಪೂರ್ತಿ ವಾಪಸು ಬಂತೇ, ನೆಲಕ್ಕೆ ಸೋರಿತೇ ಎಂಬುದನ್ನು. ನನ್ನ ಬೆರಳಿನಲ್ಲಿ ಹರಿದದ್ದು ಮನೆಯ ತಂತಿಯಿಂದ ಬೇರ್ಪಟ್ಟ ಇನ್ನೊಂದೇ ಸುತ್ತು. ಪೆಟ್ಟಿಗೆಯ ಲೆಕ್ಕದಲ್ಲಿ ಎಲ್ಲವೂ ಸರಿಯಾಗಿತ್ತು. ಮಕ್ಕಳಿಗೆ ಇಂಥ ಸೆಟ್ಟು ತಂದುಕೊಡುವ ತಂದೆತಾಯಿಯರು ಇದೊಂದನ್ನು ನೆನಪಿಟ್ಟರೆ ಉಳಿದದ್ದೆಲ್ಲ ಮರೆತರೂ ಅಡ್ಡಿಯಿಲ್ಲ.

ಅಂದು ಅಕ್ಕ ಇಡೀ ಹಲಗೆಯನ್ನು ಅಟ್ಟಕ್ಕೇರಿಸಲು ಹೊರಟಳು. ಹುಡುಗನ ಕಣ್ಣಲ್ಲಿ ನೀರು. ಸರಿಪಡಿಸಿ ಕೊಡುತ್ತೇನೆ, ಆಮೇಲೆ ನೀನೇ ತೀರ್ಮಾನಿಸು ಎಂದು ಅವಳಿಂದ ಒಂದು ವಾರದ ಗಡುವು ಪಡೆದೆ.

ಕಂಕನಾಡಿಯ ಕಡೆಯ ಒಂದು ಗ್ಯಾರೇಜಿನಿಂದ ಲಾರಿಯ 24 ವೋಲ್ಟಿನ ಬಲ್ಬು ತಂದೆ. ಎಲ್ಲ ಸ್ವಿಚ್ಚನ್ನೂ ತೆಗೆದು, ಎಂಜಿನ್ನುಗಳನ್ನು ಹಳಿಯಿಂದ ಎತ್ತಿಟ್ಟು, ಬಲ್ಬಿನ ಎರಡು ತಂತಿಗಳನ್ನು ಗಡಿಯ ಎರಡು ಬದಿಯ ನಡುವಾಹಕಗಳಿಗೆ ಕಟ್ಟಿದೆವು. ಎರಡೂ ಪ್ಲಗ್ಗುಗಳನ್ನು ಗೋಡೆಗೆ ಸಿಕ್ಕಿಸಿದ ಮೇಲೆಯೇ ಸ್ವಿಚ್ ಹಾಕಿದ್ದು. ಎರಡೂ ಗುಂಡಿಗಳನ್ನು ಸುಮಾರು 12 ವೋಲ್ಟಿಗೆ ತಿರುಗಿಸಿದೆವು. ಬಲ್ಬು ಝಗ್ಗೆಂದು ಉರಿಯಿತು. ವಿರುದ್ಧ ಹೆಜ್ಜೆ! ಮತ್ತೆ ಎಲ್ಲ ಸ್ವಿಚ್ಚನ್ನೂ ತೆಗೆದು ಒಂದು ಪ್ಲಗ್ಗನ್ನು ತಿರುಗಿಸಿ ಸಿಕ್ಕಿಸಿದೆವು. ಈ ಬಾರಿ ಬಲ್ಬು ಮಲಗಿಯೇ ಇತ್ತು.

"ಇಷ್ಟೆಯಾ ಮಾವ?" ಎಂದ ಹುಡುಗ, ತುಸು ನಿರಾಸೆಯಿಂದ.

ಇಷ್ಟೆ. ಎರಡು ದುಂಡು ಪಿನ್ನಿನ ಪ್ಲಗ್ಗನ್ನು ಹೀಗೂ ಸಿಕ್ಕಿಸಬಹುದು, ಹಾಗೂ ಸಿಕ್ಕಿಸಬಹುದು. ಹೇರ್ ಡ್ರೈಯರಿಗೆ ಅದರಿಂದ ಏನೂ ವ್ಯತ್ಯಾಸವಿಲ್ಲ. ಎರಡು ಟ್ರಾನ್ಸ್‌ಫಾರ್ಮರುಗಳ ಹೆಜ್ಜೆ ಮಾತ್ರ ಅದರಿಂದ ತಲೆಕೆಳಗಾಗುತ್ತದೆ. ಹುಡುಗ ಕಸ ಗುಡಿಸುವಾಗ ತೆಗೆದು ಮತ್ತೆ ತಿರುಗಿಸಿ ಹಾಕಿದ್ದನೋ ಏನೋ. ಬಲ್ಬಿನ ಬದಲು ಮಲ್ಟಿಮೀಟರನ್ನು ಏಸಿ ವೋಲ್ಟಿನಲ್ಲಿಟ್ಟು ನೋಡಿದರೆ ಇನ್ನೂ ಚೆನ್ನ. ಸೊನ್ನೆಯ ಹತ್ತಿರ ತೋರಿಸಿದರೆ ಸರಿ, ಎರಡರ ಮೊತ್ತ ತೋರಿಸಿದರೆ ತಪ್ಪು. ಸುರತ್ಕಲ್ಲಿನ ಎನ್‌ಐಟಿಕೆಯಂಥ ಕಾಲೇಜುಗಳಲ್ಲಿ ವಿದ್ಯುತ್ ವಿಭಾಗದ ವಿದ್ಯಾರ್ಥಿಗಳು ಜನರೇಟರನ್ನು ಜಾಲಕ್ಕೆ ಸೇರಿಸುವ ಮೊದಲು ಬಲ್ಬು ಆರುವುದನ್ನು ಕಾಯುವ ಪ್ರಯೋಗವೂ ಇದೇ ತತ್ವದ್ದು.

ಆದರೆ ಹೆಜ್ಜೆ ಕೂಡಿತೆಂದು ಅಪಾಯ ಹೋಗಲಿಲ್ಲ. ಹಿಂಬಾಗಿಲಿನ ವಿದ್ಯುತ್ತಿಗೆ ಹೆಜ್ಜೆಯ ಹಂಗಿಲ್ಲ. ಅದಕ್ಕಾಗಿ ಎರಡೂ ಟ್ರಾನ್ಸ್‌ಫಾರ್ಮರುಗಳನ್ನು ಒಂದೇ ಹಲಗೆಗೆ ಸ್ಕ್ರೂ ಹಾಕಿ ಕೂರಿಸಿದೆವು. ಪರಿಚಯದ ಎಲೆಕ್ಟ್ರಿಷಿಯನ್ ಒಬ್ಬರು ಬಂದು ಎರಡರ ತಂತಿಗಳನ್ನೂ ಮುಚ್ಚಿದ ಪೆಟ್ಟಿಗೆಯೊಳಗೆ ಒಂದೇ ಸ್ವಿಚ್ಚಿಗೆ ಖಾಯಂ ಆಗಿ ಸೇರಿಸಿ, ಹೊರಗೆ ಒಂದೇ ಮೂರು ಪಿನ್ನಿನ ಪ್ಲಗ್ಗು ಬಿಟ್ಟರು. ಇನ್ನು ಒಂದನ್ನು ಬಿಟ್ಟು ಇನ್ನೊಂದನ್ನು ಕೀಳುವ ಪ್ರಶ್ನೆಯೇ ಇಲ್ಲ. ಬಂದರೆ ಎರಡೂ, ಹೋದರೆ ಎರಡೂ. ಅಮೆರಿಕದಿಂದ ಬಂದ ಸೆಟ್ಟಾದರೆ ಅದರ ಟ್ರಾನ್ಸ್‌ಫಾರ್ಮರು 120 ವೋಲ್ಟಿನದು, ನಮ್ಮ ಗೋಡೆಗೆ ಹಾಕಲೇಬಾರದು. ಈಗಿನ ಡಿಜಿಟಲ್ ಸೆಟ್ಟುಗಳ ಅಡಾಪ್ಟರುಗಳಿಗೆ ಈ ಹೆಜ್ಜೆ ಕೂಡಿಸುವ ವಿದ್ಯೆ ಅನ್ವಯಿಸುವುದಿಲ್ಲ. ಅವಕ್ಕೆ ಜೊತೆಗೆ ಬಂದ ಪುಸ್ತಕ ಹೇಳಿದಂತೆಯೇ ಕೇಳಬೇಕು.

ಗಡುವಿನಲ್ಲಿ ಇನ್ನೂ ಮೂರು ದಿನ ಉಳಿದಿತ್ತು. ಹುಡುಗನಿಗೆ ಒಂದು ಸಂಶಯ. "ನಿಜವಾದ ರೈಲಿಗೂ ಹೀಗೆ ಆಗ್ತದಾ ಮಾವ?"

ಉತ್ತರ ಹೇಳುವ ಬದಲು ಬೆಳಿಗ್ಗೆ ಅವನನ್ನು ಕರೆದುಕೊಂಡು ಸೆಂಟ್ರಲ್ ನಿಲ್ದಾಣದಲ್ಲಿ ಕಣ್ಣೂರಿಗೆ ಎರಡು ಟಿಕೆಟ್ ತೆಗೆಸಿದೆ. ಎಂಜಿನ್ನಿಗೆ ಹತ್ತಿರದ ಬೋಗಿಯಲ್ಲಿ ಎಡಗಡೆ ಕಿಟಕಿ. ಮಳೆ ಬಿಟ್ಟಿತ್ತು. ನಿಲ್ದಾಣದಿಂದ ಹೊರಟ ಗಾಡಿ ನೇತ್ರಾವತಿ ಕ್ಯಾಬಿನ್ ದಾಟಿ ಸೇತುವೆಗೆ ಬಂದಾಗ ಹೊಳೆ ಕೆಂಪಾಗಿ ತುಂಬಿ ಹರಿಯುತ್ತಿತ್ತು. ಹುಡುಗ ಮೇಲಿನ ತಂತಿಯನ್ನೇ ನೋಡುತ್ತಿದ್ದ.

ಈ ತಂತಿಗಳು ಮಂಗಳೂರಿಗೆ ಹೊಸಬರು. ನಮ್ಮ ದೇಶದ ಮೊದಲ ವಿದ್ಯುತ್ ರೈಲು 1925ರಲ್ಲೇ ಮುಂಬಯಿಯಲ್ಲಿ ಓಡಿದರೂ ಕರಾವಳಿಯ ಈ ಹಳಿಯ ಮೇಲೆ ತಂತಿ ಬಂದದ್ದು 2010ರ ದಶಕದ ಕೊನೆಯ ಭಾಗದಲ್ಲಿ. ಉತ್ತರಕ್ಕೆ, ರೋಹಾದಿಂದ ತೋಕೂರಿನವರೆಗಿನ 741 ಕಿಲೋಮೀಟರ್ ಕೊಂಕಣ ರೈಲಿನ ವಿದ್ಯುದೀಕರಣವನ್ನು ದೇಶಕ್ಕೆ ಅರ್ಪಿಸಿದ್ದು 2022ರ ಜೂನ್ 20ರಂದು. ತಂತಿಯಲ್ಲಿರುವುದು 25,000 ವೋಲ್ಟು, ಹುಡುಗನ ಹಳಿಯಂತೆಯೇ ಏಸಿ. ವಾಪಸು ದಾರಿ, ಇಲ್ಲಿಯೂ ಹಳಿಯೇ.

ಸಾಲುಸಾಲಾಗಿ ಹಲವು ಹತ್ತು ಕಿಲೋಮೀಟರಿಗೆ ಒಂದರಂತೆ ರೈಲ್ವೆಯ ಉಪಕೇಂದ್ರಗಳಿರುತ್ತವೆ. ಪ್ರತಿಯೊಂದರಲ್ಲೂ ಟ್ರಾನ್ಸ್‌ಫಾರ್ಮರು. ಅಂದಮೇಲೆ ಹುಡುಗನ ಸಮಸ್ಯೆ ರೈಲ್ವೆಯದೂ ಹೌದು. ಅಷ್ಟೇ ಅಲ್ಲ, ಅವರು ಬೇಕೆಂದೇ ಹೆಜ್ಜೆ ತಪ್ಪಿಸುತ್ತಾರೆ! ರಾಜ್ಯದ ವಿದ್ಯುತ್ ಜಾಲ ಮೂರು ಫೇಸಿನದು. ರೈಲಿಗೆ ಬೇಕಾದದ್ದು ಒಂದೇ ಫೇಸು. ಎಲ್ಲ ಉಪಕೇಂದ್ರಗಳೂ ಒಂದೇ ಜೋಡಿ ತಂತಿಯಿಂದ ವಿದ್ಯುತ್ ಎಳೆದರೆ ಜಾಲದ ತಕ್ಕಡಿ ವಾಲುತ್ತದೆ. ಆದ್ದರಿಂದ ಒಂದು ಉಪಕೇಂದ್ರ ಒಂದು ಜೋಡಿಯಿಂದ, ಮುಂದಿನದು ಇನ್ನೊಂದರಿಂದ ಎಂದು ಸರದಿಯ ಮೇಲೆ ಎಳೆಯುತ್ತವೆ. ಎರಡು ಉಪಕೇಂದ್ರಗಳ ನಡುವೆ ಮೂರನೇ ಒಂದು ಸುತ್ತಿನಷ್ಟು ಹೆಜ್ಜೆಯ ವ್ಯತ್ಯಾಸವಿದ್ದರೆ ಗಡಿಯಲ್ಲಿ ಸುಮಾರು 43,000 ವೋಲ್ಟಿನ ಒತ್ತಡ. ನಮ್ಮ ಐಸ್‌ಕ್ಯಾಂಡಿ ಸೇತುವೆಯ ಕಿಡಿ ಅದರ ಮುಂದೆ ಮಿಣುಕುಹುಳ.

ಅದಕ್ಕೆ ರೈಲ್ವೆಯವರು ಮಾಡಿದ ಉಪಾಯ, ಗಡಿಯಲ್ಲಿ ಯಾರಿಗೂ ಸೇರದ ಒಂದು ತುಂಡು. ನ್ಯೂಟ್ರಲ್ ಸೆಕ್ಷನ್ ಎಂದು ಅದರ ಹೆಸರು. ಅಲ್ಲಿ ತಂತಿಗೆ ವಿದ್ಯುತ್ ಇಲ್ಲ. 500 ಮೀಟರ್ ಮೊದಲೊಂದು, 250 ಮೀಟರ್ ಮೊದಲೊಂದು ಎಚ್ಚರಿಕೆಯ ಫಲಕ. ಬಳಿಕ 'ಡಿಜೆ ಓಪನ್' ಎಂಬ ಫಲಕ. ಡಿಜೆ ಎಂದರೆ ನಮ್ಮ ಮದುವೆ ಮೆರವಣಿಗೆಯ ಡಿಜೆಯಲ್ಲ, ಎಂಜಿನ್ನಿನ ಮುಖ್ಯ ಸ್ವಿಚ್ಚಿಗೆ ಫ್ರೆಂಚರು ಇಟ್ಟ ಹೆಸರಿನ ಹ್ರಸ್ವರೂಪ. ಲೋಕೋ ಪೈಲಟ್ ಅಲ್ಲಿ ಸ್ವಿಚ್ ತೆಗೆಯುತ್ತಾರೆ. ಸಾವಿರಾರು ಜನ ಕುಳಿತ ಗಾಡಿ ಕೆಲವು ಕ್ಷಣ ತನ್ನ ಓಟದ ಬಲದಿಂದಲೇ ಸಾಗುತ್ತದೆ. ಆಚೆ 'ಡಿಜೆ ಕ್ಲೋಸ್' ಫಲಕ ಕಂಡ ಮೇಲೆ ಮತ್ತೆ ವಿದ್ಯುತ್ತು. ಎಂಜಿನ್ನಿನಿಂದಲೇ ಬೋಗಿಗಳಿಗೆ ವಿದ್ಯುತ್ ಪಡೆಯುವ ಹೊಸ ಗಾಡಿಗಳಲ್ಲಿ ಎಸಿ ಬೋಗಿಯ ಗಾಳಿ ಒಮ್ಮೆ ನಿಂತು ಮತ್ತೆ ಬರುವುದುಂಟು. ಪ್ರಯಾಣಿಕರು ಕರೆಂಟ್ ಹೋಯಿತೆಂದು ಗೊಣಗುತ್ತಾರೆ. ಹೋದದ್ದಲ್ಲ, ಗಡಿ ದಾಟಿದ್ದು.

ಮಂಜೇಶ್ವರ, ಉಪ್ಪಳ, ಕುಂಬಳೆ ಹಿಂದೆ ಹೋದವು. ಕಾಸರಗೋಡಿನಲ್ಲಿ ಕನ್ನಡವೂ ಮಲಯಾಳವೂ ತುಳುವೂ ಒಟ್ಟಿಗೆ ಬೋಗಿ ಹತ್ತಿದವು. ಚಂದ್ರಗಿರಿ ಹೊಳೆ ದಾಟಿತು. ಹುಡುಗ ತಿಂಡಿಯನ್ನೂ ಮುಟ್ಟದೆ ಕಿಟಕಿಗೆ ಅಂಟಿಕೊಂಡಿದ್ದ. ಕೊನೆಗೊಮ್ಮೆ "ಮಾವ, ಬಂತು!" ಎಂದು ಕೂಗಿದ ಕೂಗಿಗೆ ಎದುರಿನ ಅಜ್ಜಿ ತನ್ನ ಸ್ಟೇಶನ್ ಬಂತೆಂದು ಚೀಲ ಎತ್ತಿಕೊಂಡರು. ಎಂಜಿನ್ನಿನ ಸದ್ದು ತಗ್ಗಿತು, ಚಕ್ರದ ಸದ್ದು ಮಾತ್ರ ಉಳಿಯಿತು, ಮತ್ತೆ ಎದ್ದಿತು. ಎಲ್ಲಿ ಎಂದು ಇಲ್ಲಿ ಬರೆಯುವುದಿಲ್ಲ. ಈ ದಾರಿಯಲ್ಲಿ ಹೋಗುವ ಮಕ್ಕಳು ತಾವೇ ಹುಡುಕಲಿ. ಆದರೆ ಕಿಟಕಿಯ ಒಳಗಿನಿಂದ, ಕೈ ತಲೆ ಹೊರಗೆ ಹಾಕದೆ. ಆ ತಂತಿಯನ್ನು ಮುಟ್ಟಬೇಕೆಂದೇ ಇಲ್ಲ, ಹತ್ತಿರ ಹೋದರೂ ಅದು ಹಾರಿ ಬರುತ್ತದೆ.

ಸಂಜೆ ಮರಳುವಾಗ ಮತ್ತೆ ಮಳೆ. ಮನೆ ಸಮೀಪದ ರಸ್ತೆಯಲ್ಲಿ ಮರ ಬಿದ್ದು ಕರೆಂಟ್ ಹೋಗಿತ್ತು. ಮೆಸ್ಕಾಂನ ಇಬ್ಬರು ಲೈನ್‌ಮನ್‌ಗಳು ಕಂಬ ಹತ್ತುವ ಮೊದಲು ಉದ್ದನೆಯ ಕೋಲಿನ ತುದಿಯ ಕೊಕ್ಕೆಗಳನ್ನು ತಂತಿಗಳಿಗೆ ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ನೆಲಕ್ಕೆ ಸೇರಿಸುತ್ತಿದ್ದರು. ಲೈನ್ ಬಂದ್ ಮಾಡಿಯೇ ಬಂದಿರುತ್ತಾರೆ, ಮತ್ತೆ ಇದೇಕೆ ಎಂದು ಕೇಳುವ ಅಗತ್ಯ ಹುಡುಗನಿಗೆ ಬರಲಿಲ್ಲ.

"ಯಾರಾದ್ರೂ ಜನರೇಟರ್ ಹಾಕಿದ್ರೆ ಹಿಂಬಾಗಿಲಿಂದ ಬರ್ತದಲ್ಲ ಮಾವ. ನಿಮ್ಮ ಪ್ಲಗ್ಗಿನ ಹಾಗೆ."

ಹೌದು. ಮನೆಯ ಜನರೇಟರನ್ನು ಚೇಂಜ್‌ಓವರ್ ಸ್ವಿಚ್ ಇಲ್ಲದೆ ನೇರವಾಗಿ ಮನೆಯ ತಂತಿಗೆ ಸಿಕ್ಕಿಸಿದರೆ ಆ 230 ವೋಲ್ಟು ಸರ್ವೀಸ್ ತಂತಿಯಲ್ಲಿ ಹೊರಗೆ ಹೋಗಿ, ಬೀದಿಯ ಟ್ರಾನ್ಸ್‌ಫಾರ್ಮರನ್ನು ಹಿಂದಿನಿಂದ ಹೊಕ್ಕು, ಆಚೆ ಬದಿಯಲ್ಲಿ 11,000 ವೋಲ್ಟಾಗಿ ಏಳಬಲ್ಲದು. ಬಂದ್ ಆದ ಲೈನೆಂದು ನಂಬಿ ಮುಟ್ಟಿದ ಲೈನ್‌ಮನ್‌ನ ಗತಿ ಏನು? ನನಗೆ ಬೆರಳು ಜುಮ್ಮೆಂದಿತು. ಅಕ್ಕನ ಮನೆಯ ಹಿಂಭಾಗದಲ್ಲಿ ಭಾವ ಕಳೆದ ವರ್ಷ ತಂದಿಟ್ಟ ಚಿಕ್ಕ ಜನರೇಟರಿನ ಸಂಪರ್ಕ ಹೇಗಿದೆ ಎಂದು ಟಾರ್ಚ್ ಹಿಡಿದು ನೋಡಿದೆವು. ಎರಡು ಕಡೆ ಪಿನ್ನಿರುವ ಒಂದು ವಯರು, ಅಡುಗೆಮನೆಯ ಸಾಕೆಟ್ಟಿಗೆ ಸಿಕ್ಕಿಸಲೆಂದು ಸಿದ್ಧವಾಗಿ ಸುತ್ತಿಟ್ಟಿತ್ತು. ಆ ರಾತ್ರಿಯೇ ಅದನ್ನು ಕತ್ತರಿಸಿದೆವು. ಮರುದಿನ ಅದೇ ಎಲೆಕ್ಟ್ರಿಷಿಯನ್ ಮತ್ತೆ ಬಂದರು.

ಅಕ್ಕ ಅಟ್ಟದ ಮಾತು ಮತ್ತೆ ಎತ್ತಲಿಲ್ಲ. ಹುಡುಗ ತನ್ನ ಸೇತುವೆಯ ಮೇಲೆ ನಡುವಾಹಕದ ಏಳೆಂಟು ಸೆಂಟಿಮೀಟರನ್ನು ಎರಡು ಕಡೆಯೂ ಕತ್ತರಿಸಿ, ಯಾರಿಗೂ ಸೇರದ ತುಂಡು ಮಾಡಿದ. ಎಂಜಿನ್ನಿನ ಪಟ್ಟಿಗಿಂತ ಅದು ಉದ್ದ, ಹಾಗಾಗಿ ಎರಡು ಟ್ರಾನ್ಸ್‌ಫಾರ್ಮರುಗಳಿಗೆ ಇನ್ನು ಭೇಟಿಯೇ ಇಲ್ಲ. ಬೆಂಕಿಕಡ್ಡಿಗೆ ಅಂಟಿಸಿದ ಪುಟ್ಟ ಡಿಜೆ ಫಲಕಗಳು ಎದ್ದವು. ಸ್ವಿಚ್ ಹಾಕಿದೆವು. ಗಾಡಿ ಸೆಂಟ್ರಲ್ ಬಿಟ್ಟು ಠೀವಿಯಿಂದ ಹೊರಟು ನ್ಯೂಟ್ರಲ್ ಸೆಕ್ಷನ್ನಿಗೆ ಬಂತು. ಅಲ್ಲೇ ನಿಂತಿತು. ಅಂಗೈಯಷ್ಟು ಎಂಜಿನ್ನಿಗೆ ಓಟದ ಬಲವೆಲ್ಲಿಂದ ಬರಬೇಕು?

ಹುಡುಗ ಸ್ವಲ್ಪ ಹೊತ್ತು ನೋಡಿದ. ಸ್ವಿಚ್ ತೆಗೆದು, ಬೆರಳಿನಿಂದ ಗಾಡಿಯನ್ನು ಮೆಲ್ಲನೆ ಆಚೆಗೆ ತಳ್ಳುತ್ತಾ, "ಪರವಾಗಿಲ್ಲ ಮಾವ, ನೇತ್ರಾವತಿಯಲ್ಲಿ ಸಿಗ್ನಲ್ಲಿಗೆ ಕಾಯ್ಲಿಕ್ಕೆ ಉಂಟಲ್ಲ" ಎಂದ. ಹೊರಗೆ ಮಳೆಯ ನಡುವೆ ಸಂಜೆಯ ಗಾಡಿ ಸೇತುವೆ ದಾಟುವ ಸದ್ದು ಕೇಳಿಸಿತು. ಅಕ್ಕ ಕಾಫಿಗೆ ನೀರಿಟ್ಟಳು.